ನಿಮಗಿದು ಗೊತ್ತೆ? ಕಾರ್ಡ್ ಕೆಳಗೆ, ಆಂಟೆನಾ ಮೇಲೆ!
ಲ್ಯಾಪ್‌ಟಾಪ್‌ನಲ್ಲಿ ಬಿಚ್ಚಿ ಬದಲಿಸಬಹುದಾದ ವೈ-ಫೈ ಕಾರ್ಡ್ ಇಂದು ಅಂಚೆಚೀಟಿಯಷ್ಟೇ: ಬಹುತೇಕ 22 ಮಿ.ಮೀ. ಅಗಲ, 30 ಮಿ.ಮೀ. ಉದ್ದ. ಅದು ಕೂರುವುದು ಕೀಲಿಮಣೆಯ ಅಡಿಯಲ್ಲಿ. ಆಂಟೆನಾ ಮಾತ್ರ ಸಾಮಾನ್ಯವಾಗಿ ಪರದೆಯ ಚೌಕಟ್ಟಿನೊಳಗೆ! ಅಲ್ಲಿಂದ ಎರಡು ಸಪೂರ ತಂತಿಗಳು ಕೀಲಿನ ಮೂಲಕ ಇಳಿದು ಕಾರ್ಡಿಗೆ ಸೇರುತ್ತವೆ. ಹೊಸ ಕಾರ್ಡ್ ಹಾಕಿದ ಮೇಲೆ ಪಕ್ಕದ ಕೋಣೆಗೂ ಸಿಗ್ನಲ್ ಬರದಿದ್ದರೆ, ಡ್ರೈವರ್ ತಂತ್ರಾಂಶವನ್ನು ಬೈಯುವ ಮುನ್ನ ಈ ತಂತಿಗಳನ್ನು ನೋಡಿ. ಅವುಗಳ ತುದಿಯನ್ನು ಕಾರ್ಡಿನ ಮೇಲೆ ಒತ್ತಿದಾಗ ‘ಟಿಕ್’ ಎನ್ನಬೇಕು.

1999ರಲ್ಲಿ ನ್ಯೂಯಾರ್ಕಿನಲ್ಲಿ ಆ್ಯಪಲ್‌ನ ವೈ-ಫೈ ಲ್ಯಾಪ್‌ಟಾಪ್ ಐಬುಕ್ ಪರಿಚಯಿಸಿದ ಸ್ಟೀವ್ ಜಾಬ್ಸ್, ಅದರ ಸುತ್ತ ದೊಡ್ಡ ಬಳೆಯೊಂದನ್ನು ತೂರಿಸಿ ಹೊರಗೆ ತಂತಿಯೇ ಇಲ್ಲವೆಂದು ತೋರಿಸಿದ್ದರು. ಆಂಟೆನಾ ಒಳಗೇ ಇತ್ತು. ಕಾರ್ಡಿಗೆ ಮಾತ್ರ ಬೇರೆ 99 ಡಾಲರ್! 2003ರಲ್ಲಿ ಪ್ರೊಸೆಸರ್ ಜತೆ ವೈ-ಫೈಯನ್ನೂ ಸೇರಿಸಿದ ಇಂಟೆಲ್‌ನ ಸೆಂಟ್ರಿನೊ ಬಂದ ಮೇಲೆ ಕಾರ್ಡ್ ಲ್ಯಾಪ್‌ಟಾಪ್ ಜತೆಗೇ ಬರುವುದು ರೂಢಿಯಾಯಿತು.