ನಳಿಗೆಯ ಉದ್ದವೂ ಕೈಯ ನಡುಕವೂ

ಪಿಸ್ತೂಲಿನ ನಳಿಗೆ ಉದ್ದವಾದಷ್ಟೂ ಗುಂಡು ಗುರಿಗೆ ಹತ್ತಿರ ಬೀಳುತ್ತದೆಂಬ ನಂಬಿಕೆ ಬಲು ಗಟ್ಟಿಯಾದುದು. ಗಿಡ್ಡ ನಳಿಗೆಯಿಂದ ಹಾರಿದ ನಾಲ್ಕು ಗುಂಡು ನಾಲ್ಕು ದಿಕ್ಕಿಗೆ ಹೋದುದನ್ನೂ, ಉದ್ದ ನಳಿಗೆಯವು ಒತ್ತೊತ್ತಾಗಿ ಬಿದ್ದುದನ್ನೂ ಕಣ್ಣಾರೆ ಕಂಡವನಿಂದ ಆ ನಂಬಿಕೆಯನ್ನು ಬಿಡಿಸುವುದು ಸುಲಭವಲ್ಲ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ರೇಖಾಗಣಿತ ಹೇಳಿಕೊಟ್ಟು, ಸಂಜೆಯ ಹೊತ್ತು ಗುರಿಯಭ್ಯಾಸಕ್ಕೆ ಹೋಗುವ ಗೀಳು ಹಚ್ಚಿಕೊಂಡ ನನಗೆ ಮಾತ್ರ, ಅವನ ಅನುಭವ ಸರಿ, ಅವನು ಹೇಳುವ ಕಾರಣ ತಪ್ಪು ಎಂದು ತೋರುತ್ತದೆ.

ಪಿಸ್ತೂಲನ್ನು ಮನುಷ್ಯನ ಕೈಯಿಂದ ಬಿಡಿಸಿ, ಕಬ್ಬಿಣದ ಹಿಡಿಕೆಯಲ್ಲಿ ಬಿಗಿದು ಹಾರಿಸಿ ನೋಡುವ ಪದ್ಧತಿಯುಂಟು. ಹಾಗೆ ಮಾಡಿದಾಗ ಒಳ್ಳೆಯ ಕೆಲಸಗಾರಿಕೆಯ ಗಿಡ್ಡ ನಳಿಗೆಯೂ ಗುಂಡುಗಳನ್ನು ಒಂದೇ ಕಡೆ ಗುಂಪಾಗಿಯೇ ಇಳಿಸುತ್ತದೆ. ನಳಿಗೆಯೊಳಗಿನ ಸುರುಳಿಗೀರು ಗುಂಡನ್ನು ತಿರುಗಿಸಿ ನೆಟ್ಟಗೆ ಕಳಿಸಲು ಕೆಲವೇ ಅಂಗುಲ ಸಾಕು. ಉದ್ದ ಹೆಚ್ಚಾದರೆ ಅನಿಲ ಇನ್ನಷ್ಟು ಹೊತ್ತು ತಳ್ಳುವುದರಿಂದ ಸಿಡಿಮದ್ದಿನ ಗುಂಡಿಗೆ ತುಸು ವೇಗ ಸಿಕ್ಕೀತು. ಹತ್ತಿಪ್ಪತ್ತೈದು ಮೀಟರಿನ ಗುರಿಗೆ ಆ ವೇಗದಿಂದ ಬರುವ ಲಾಭ ಅತ್ಯಲ್ಪ. ಹಾಗಾದರೆ ಮನುಷ್ಯನ ಕೈಗೆ ಬಂದೊಡನೆ ಇವೆರಡಕ್ಕೂ ಇಷ್ಟು ಅಂತರವೇಕೆ?

ನಳಿಗೆಯ ಬಾಯ ಬಳಿ ಚಿಕ್ಕದೊಂದು ಮೊನೆ ನಿಂತಿರುತ್ತದೆ. ಹಿಂಬದಿಯಲ್ಲಿ ಚೌಕಾಕಾರದ ಕಚ್ಚೊಂದಿರುತ್ತದೆ. ಎರಡಕ್ಕೂ ಸೈಟ್ ಎಂದೇ ಹೆಸರು. (ಬೆಂಗಳೂರಿನ ವಾಚಕರು ಅಳತೆ ಕೇಳಿ ಆಸೆಪಡಬಾರದು!) ಕಚ್ಚಿನ ನಡುವೆ ಮೊನೆ ನಿಂತು, ಎರಡು ಪಕ್ಕದಲ್ಲೂ ಸಮನಾದ ಬೆಳಕು ಕಂಡು, ತಲೆಗಳೆರಡೂ ಒಂದೇ ಮಟ್ಟಕ್ಕೆ ಬಂದಾಗ ಕುದುರೆಯನ್ನು ಒತ್ತಬೇಕು. ಈ ಎರಡರ ನಡುವಣ ದೂರವೇ ಸೈಟ್ ಅಂತರ. ಉಳಿದುದೆಲ್ಲ ಸಮರೂಪ ತ್ರಿಭುಜಗಳ ಲೆಕ್ಕ. ಅಂತರ 220 ಮಿಲಿಮೀಟರ್ ಇರುವಾಗ ಮೊನೆ ಕಚ್ಚಿನೊಳಗೆ ಒಂದು ಮಿಲಿಮೀಟರ್ ಸರಿದರೆ, 25 ಮೀಟರ್ ಆಚೆ ಗುಂಡು ಸುಮಾರು 114 ಮಿಲಿಮೀಟರ್ ಸರಿಯುತ್ತದೆ. ಅಂತರ 100 ಮಿಲಿಮೀಟರಿಗೆ ಇಳಿದರೆ ಅದೇ ತಪ್ಪಿಗೆ ದಂಡ 250 ಮಿಲಿಮೀಟರ್. ಅಂದರೆ ಒಂದು ಗೇಣಿಗೂ ಮೀರಿದ್ದು. ಕೊಡಗಿನ ಕೈಲ್‌ಪೊಳ್ದಿನಲ್ಲಿ ಕೋವಿಯಿಂದ ತೆಂಗಿನಕಾಯಿ ಹೊಡೆದುರುಳಿಸುವವರಿಗೂ ಪಿಸ್ತೂಲು ಒಗ್ಗದಿದ್ದರೆ ಆಶ್ಚರ್ಯವಿಲ್ಲ: ಕೋವಿಗೆ ಉದ್ದದ ಅನುಕೂಲವೂ ಉಂಟು, ಭುಜದ ಆಸರೆಯೂ ಉಂಟು.

ಇಲ್ಲೊಂದು ಸೂಕ್ಷ್ಮವಿದೆ. ಮಣಿಕಟ್ಟು ಒಂದೇ ಕೋನದಷ್ಟು ತಿರುಗಿದರೆ, ಗಿಡ್ಡ ಪಿಸ್ತೂಲಾಗಲಿ ಉದ್ದದ್ದಾಗಲಿ, ಗುಂಡು ತಪ್ಪುವ ದೂರ ಒಂದೇ. ಉದ್ದದರಲ್ಲಿ ಮೊನೆ ಹೆಚ್ಚು ಸರಿದಂತೆ ಕಾಣುವುದರಿಂದ ತಪ್ಪು ಕಣ್ಣಿಗೆ ಬೀಳುತ್ತದೆ, ಅಷ್ಟೆ. ನೋಡಿ ತಿದ್ದಿಕೊಳ್ಳಬಲ್ಲವನಿಗೆ ಅದು ಉಪಕಾರ. ಹೊಸಬನಿಗೆ ಎಷ್ಟೋ ಸಲ ಅದೇ ಅಪಕಾರವಾಗುತ್ತದೆ. ಮೊನೆಯ ಓಲಾಟ ಕಂಡು ಗಾಬರಿಗೊಂಡು, ಅದು ನಡುವಿಗೆ ಬಂದ ಕ್ಷಣವನ್ನು ಹಿಡಿಯಹೋಗಿ ಕುದುರೆಯನ್ನು ಜಗ್ಗಿಬಿಡುತ್ತಾನೆ. ಕೆಂಪು ಚುಕ್ಕೆ ತೋರುವ ಈಚಿನ ಗಾಜಿನ ಸೈಟ್ ಬಂದಮೇಲೆ ಈ ಮಾತಿಗೆ ಇನ್ನೊಂದು ಸಾಕ್ಷಿ ಸಿಕ್ಕಿದೆ. ಅಲ್ಲಿ ಹೊಂದಿಸಬೇಕಾದ ಮೊನೆ-ಕಚ್ಚುಗಳೇ ಇಲ್ಲ. ಆದ್ದರಿಂದ ಗುರಿ ನೋಡುವ ಮಟ್ಟಿಗೆ ನಳಿಗೆಯ ಉದ್ದಕ್ಕಿದ್ದ ಹಿರಿಮೆ ಬಹುಪಾಲು ಇಳಿದುಹೋಗುತ್ತದೆ.

ನಿಯಮ ಬರೆದವರು ಇದನ್ನು ಬಲ್ಲರು. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟವು 25 ಮೀಟರ್ ಪಂದ್ಯಗಳಿಗೆ ನಳಿಗೆಯನ್ನು 153 ಮಿಲಿಮೀಟರಿಗೂ, ಸೈಟ್ ಅಂತರವನ್ನು 220 ಮಿಲಿಮೀಟರಿಗೂ ಮಿತಗೊಳಿಸಿ, ಎರಡನ್ನೂ ಬೇರೆ ಬೇರೆಯಾಗಿಯೇ ಹೇಳಿದೆ. 10 ಮೀಟರಿನ ಗಾಳಿಪಿಸ್ತೂಲಿಗೆ ಇಂಥ ಕಟ್ಟುಪಾಡಿಲ್ಲ. 420 ಮಿಲಿಮೀಟರ್ ಉದ್ದದ ಪೆಟ್ಟಿಗೆಯೊಳಗೆ ಅದು ಹಿಡಿಸಿದರಾಯಿತು.

ಈ ಸಡಿಲಿಕೆಯಿಂದಾಗಿಯೇ ಹೋದ ವರ್ಷ ನನ್ನೆದುರು ಒಂದು ಪ್ರಶ್ನೆ ಬಂದಿತು. ನಮ್ಮ ಅಭ್ಯಾಸಶಾಲೆಗೆ ಬರುವ ಹುಡುಗನೊಬ್ಬನ ತಂದೆ, ಸಣ್ಣ ಸಂಬಳದ ಗುಮಾಸ್ತರು, ಒಂದು ಸಂಜೆ ಬಂದು, “ಮೇಷ್ಟ್ರೇ, ಉದ್ದನೆಯ ಪಿಸ್ತೂಲಿದ್ದರೆ ಅಂಕ ಏರುತ್ತದೆ ಅನ್ನುತ್ತಾನೆ. ಮನೆಯವಳ ಬಳೆ ಅಡವಿಡಬಹುದು. ಕೊಡಿಸಲೋ ಬೇಡವೋ?” ಎಂದರು. ಪರದೇಶದಿಂದ ಬರುವ ಪಂದ್ಯದ ಪಿಸ್ತೂಲಿಗೆ ಲಕ್ಷಕ್ಕೂ ಮೇಲೆ ಬೆಲೆ. ಶಾಲೆಯ ಪಿಸ್ತೂಲಿನ ಸೈಟ್ ಅಂತರ 310 ಮಿಲಿಮೀಟರ್. ಹುಡುಗನ ಮನಸ್ಸಿನಲ್ಲಿದ್ದದ್ದು 360ರದು. ಕಾಗದ ತೆಗೆದು ಲೆಕ್ಕ ಹಾಕಿದೆ. ಮೊನೆ 0.2 ಮಿಲಿಮೀಟರ್ ಸರಿದರೆ ಮೊದಲನೆಯದರಲ್ಲಿ ಗುಂಡು 6.5 ಮಿಲಿಮೀಟರ್ ತಪ್ಪುತ್ತದೆ, ಎರಡನೆಯದರಲ್ಲಿ 5.6. ಬಳೆ ಅಡವಿಟ್ಟು ಕೊಳ್ಳುವುದು ಒಂದು ಮಿಲಿಮೀಟರಿಗೂ ಕಡಮೆ!

ಆದರೆ ಇಷ್ಟಕ್ಕೇ ತೀರ್ಪು ಕೊಡಲು ನನಗೆ ಮನಸ್ಸು ಬರಲಿಲ್ಲ. ಗಾಳಿಪಿಸ್ತೂಲಿನ ಗುರಿಹಲಗೆಯಲ್ಲಿ ಒಂದು ವಲಯದಿಂದ ಇನ್ನೊಂದಕ್ಕೆ 8 ಮಿಲಿಮೀಟರ್. ಒಂದಂಕದ ಹತ್ತನೆಯ ಒಂದು ಭಾಗವೆಂದರೆ 0.8 ಮಿಲಿಮೀಟರ್. 2024ರ ಪ್ಯಾರಿಸ್ ಒಲಿಂಪಿಕ್ಸಿನ ಅಂತಿಮ ಸುತ್ತಿನಲ್ಲಿ ಮನು ಭಾಕರ್ ಕಂಚಿಗೆ ನಿಂತಾಗ ಬೆಳ್ಳಿಗೂ ಅವರಿಗೂ ಇದ್ದದ್ದು ಆ 0.1 ಅಂಕವೇ. ಆ ಎತ್ತರದಲ್ಲಿ ಬಳೆಗೆ ಬೆಲೆಯುಂಟು. ಆ ಹುಡುಗನ ಗುಂಡುಗಳೋ ಆರರಿಂದ ಹತ್ತರವರೆಗೆ ಹರಡಿ ಬೀಳುತ್ತಿದ್ದುವು, ಎಂದರೆ ಮೂವತ್ತು ಮಿಲಿಮೀಟರಿಗೂ ಹೆಚ್ಚಾಗಿ.

ಲೆಕ್ಕದ ಕಾಗದವನ್ನು ತಂದೆಯ ಕೈಗಿತ್ತು, “ಈ ವರ್ಷ ಬೇಡಿ, ಗುಂಡುಗಳು ಒಂಬತ್ತರೊಳಗೆ ನಿಂತಮೇಲೆ ಬನ್ನಿ” ಎಂದೆ. ಹುಡುಗ ಮುಖ ಊದಿಸಿಕೊಂಡು ಹೋದ. ಮರುದಿನದಿಂದ ಅವನಿಗೆ ಗುರಿಹಲಗೆಯನ್ನೇ ತೋರಿಸಲಿಲ್ಲ. ಬರಿಯ ಬಿಳಿಗೋಡೆ, ಬರಿದಾದ ಪಿಸ್ತೂಲು. ಮೊನೆಯನ್ನು ಕಚ್ಚಿನ ನಡುವೆ ನಿಲ್ಲಿಸಿ, ಅದು ಅಲುಗದಂತೆ ಕುದುರೆ ಒತ್ತುವುದು: ದಿನಕ್ಕೆ ಐವತ್ತು ಸಲ. ಮೂರು ತಿಂಗಳಿಗೆ ಗುಂಡುಗಳು ಎಂಟರೊಳಗೆ ಬಂದಿವೆ. ಅವರ ತಂದೆ ಕಾಗದವನ್ನು ಜೋಪಾನವಾಗಿ ಮಡಿಸಿ ಇಟ್ಟುಕೊಂಡಿದ್ದಾರಂತೆ. ಹುಡುಗ ಆಗಾಗ ಅದನ್ನು ಕೇಳಿ ತೆಗೆಸಿ ನೋಡುತ್ತಾನೆ. ಒಂಬತ್ತಕ್ಕೆ ಇನ್ನು 8 ಮಿಲಿಮೀಟರ್.