ಕ್ಯಾಮೆರಾ ಇಲ್ಲದವರ ಹರಾಜು: 'ಚಿತ್ರ ಸೇರಿಸಿ' ಅನ್ನೋ ಖಾನೆಯ ರಾಜಕೀಯ

2009. ಎಂಜಿನಿಯರಿಂಗ್ ಎರಡನೇ ವರ್ಷ. ಪರೀಕ್ಷಾ ಶುಲ್ಕಕ್ಕೆ ದುಡ್ಡು ಸಾಲದೆ, ಅಜ್ಜನನ್ನು ಕೇಳಿ ಅವರ ಟ್ರಂಕಿನಲ್ಲಿದ್ದ ಬ್ರಿಟಿಷರ ಕಾಲದ ಏಳು ಕಾಲಾಣೆ ನಾಣ್ಯಗಳನ್ನು ಆನ್‌ಲೈನ್ ಹರಾಜಿಗೆ ಇಡಲು ಹೊರಟೆ. ವಿವರ ಟೈಪ್ ಮಾಡಿದೆ, ಆರಂಭದ ಬೆಲೆ ಹಾಕಿದೆ. ಮುಂದಿನ ಖಾನೆ: 'ಚಿತ್ರ ಸೇರಿಸಿ'. ಅಲ್ಲೇ ನಿಂತೆ. ನನ್ನ ಫೋನಿನಲ್ಲಿ ಟಾರ್ಚ್ ಇತ್ತು, ಹಾವಿನ ಆಟ ಇತ್ತು. ಕ್ಯಾಮೆರಾ ಇರಲಿಲ್ಲ.

ಹಾಸ್ಟೆಲ್ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಒಂದು ಸ್ಕ್ಯಾನರ್ ಇತ್ತು. "ಅಣ್ಣಾ, ನಾಣ್ಯ ಸ್ಕ್ಯಾನ್ ಮಾಡಿಕೊಡ್ತೀರಾ?" ಅಂದೆ.

"ಗಾಜಿಗೆ ಗೀರು ಬಿದ್ರೆ ಹೊಸ ಸ್ಕ್ಯಾನರ್ ನೀನು ತೆಕ್ಕೊಡ್ತೀಯೇನಪ್ಪ?"

ಸೆಮಿನಾರ್‌ಗೆ ಅಂತ ಇಟ್ಟುಕೊಂಡಿದ್ದ ಪಾರದರ್ಶಕ ಓಎಚ್‌ಪಿ ಹಾಳೆಯನ್ನು ಗಾಜಿನ ಮೇಲೆ ಹಾಸಿ, ಅದರ ಮೇಲೆ ನಾಣ್ಯ ಜೋಡಿಸಿದೆ. ಮುಚ್ಚಳ ಹಾಕದೆ ಮೇಲೊಂದು ಕಪ್ಪು ಬಟ್ಟೆ ಹೊದಿಸಿದೆವು. ಹತ್ತು ರೂಪಾಯಿಗೆ ಬಂದ ಆ ಚಿತ್ರದಲ್ಲಿ ರಾಜನ ಮೀಸೆಯೂ ಕಾಣುತ್ತಿತ್ತು, ಅಂಚಿನ ಸವಕಲೂ ಕಾಣುತ್ತಿತ್ತು.

ಇದು ಹೇಗೆ ಸಾಧ್ಯ? ಸ್ಕ್ಯಾನರ್ ಅಂದ್ರೆ ಒಂದೊಂದೇ ಗೆರೆಯನ್ನು ಓದುತ್ತಾ ಸಾಗುವ ನಿಧಾನದ ಕ್ಯಾಮೆರಾ, ಅಷ್ಟೇ. ಅದರಲ್ಲಿ ಎರಡು ಜಾತಿ. ಕನ್ನಡಿ ಮತ್ತು ಲೆನ್ಸ್ ಇರುವ ದಪ್ಪನೆಯ ಸಿಸಿಡಿ ಸ್ಕ್ಯಾನರ್, ಗಾಜಿನಿಂದ ಸ್ವಲ್ಪ ಮೇಲಿರುವುದನ್ನೂ ಸ್ಪಷ್ಟವಾಗಿ ಹಿಡಿಯುತ್ತದೆ. ತೆಳ್ಳಗಿನ, ಅಗ್ಗದ ಸಿಐಎಸ್ ಸ್ಕ್ಯಾನರ್‌ಗೆ ಗಾಜಿಗೆ ಅಂಟಿದ್ದು ಮಾತ್ರ ಕಾಣುತ್ತದೆ, ಉಳಿದದ್ದೆಲ್ಲ ಮಂಜು. ಯಾವುದು ಅಂತ ತಿಳಿಯಲು ಕೈಗಡಿಯಾರವನ್ನು ಮಗುಚಿ ಇಡಿ. ಮುಳ್ಳುಗಳು ಚೂಪಾಗಿ ಬಂದರೆ ಸಿಸಿಡಿ. ಇನ್ನು ಲೆಕ್ಕ ಸರಳ: ಕಾಲಾಣೆಯ ಅಗಲ ಸುಮಾರು ಒಂದು ಇಂಚು. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 600 ಪಿಕ್ಸೆಲ್ ಅಗಲದ ಚಿತ್ರ ಸಿಗುತ್ತದೆ. 75 ಡಿಪಿಐ ಇಟ್ಟರೆ ಬರೋದು ಒಂದು ಚುಕ್ಕೆ. ಅಂಚೆಚೀಟಿ, ಪುಸ್ತಕದ ರಕ್ಷಾಪುಟ, ಸೀರೆಯ ಸೆರಗಿನ ತುಂಡು, ಇವೆಲ್ಲಕ್ಕೂ ಸ್ಕ್ಯಾನರ್ ಸಾಕು.

ಗಾಜಿನ ಮೇಲೆ ಕೂರದ ವಸ್ತುವಾದರೆ ಹಳೆಯ ರೀಲ್ ಕ್ಯಾಮೆರಾನೇ ಗತಿ. 36 ಚಿತ್ರಗಳ ಒಂದು ರೀಲನ್ನು ನಾಲ್ಕು ಜನ ಹಂಚಿಕೊಳ್ಳೋದು, ಫ್ಲ್ಯಾಶ್ ಬಿಟ್ಟು ಕಿಟಕಿಯ ಬೆಳಕಿನಲ್ಲಿ ತೆಗೆಯೋದು, ಅಳತೆ ಗೊತ್ತಾಗಲು ಪಕ್ಕದಲ್ಲೊಂದು ಸ್ಕೇಲ್ ಇಡೋದು. ಆಮೇಲೆ ಸ್ಟುಡಿಯೊದವರ ಹತ್ತಿರ ಸಿ.ಡಿ.ಗೆ ಹಾಕಿಸೋದು, ಇಲ್ಲವೇ ಪ್ರಿಂಟನ್ನೇ ಸ್ಕ್ಯಾನ್ ಮಾಡಿಸೋದು.

ಈ ಕಸರತ್ತು ನಾನು ಕಂಡುಹಿಡಿದದ್ದಲ್ಲ. ಅಮೆರಿಕದಲ್ಲಿ 1995ರ ಸೆಪ್ಟೆಂಬರ್‌ನಲ್ಲಿ ಪಿಯರ್ ಒಮಿಡ್ಯಾರ್ ಶುರುಮಾಡಿದ 'ಆಕ್ಷನ್‌ವೆಬ್' ಮುಂದೆ 'ಇಬೇ' ಆಯಿತು. ಅಲ್ಲಿ ಮೊದಲು ಮಾರಾಟವಾದದ್ದು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್, 14.83 ಡಾಲರ್‌ಗೆ. ಆಗ ಡಿಜಿಟಲ್ ಕ್ಯಾಮೆರಾ ಅನ್ನೋದು ನೂರಾರು ಡಾಲರ್‌ನ ಮಾತು. 1997ರಲ್ಲಿ ಸೋನಿಯ ಮ್ಯಾವಿಕಾ ಬಂತು. ಚಿತ್ರ ನೇರವಾಗಿ ಫ್ಲಾಪಿಗೆ ಇಳಿಯುತ್ತಿದ್ದ ಈ ಕ್ಯಾಮೆರಾ ಹರಾಜುದಾರರಿಗೆ ಅಚ್ಚುಮೆಚ್ಚಾಯಿತು. ಅದನ್ನು ಕೊಳ್ಳಲಾಗದವರು ಸ್ಕ್ಯಾನರ್, ಸ್ಟುಡಿಯೊ ಅಂತ ಅಲೆದರು. ನಮ್ಮಲ್ಲಿ 2000ದಲ್ಲಿ ಶುರುವಾದ ಬಾಝೀ ಡಾಟ್ ಕಾಮ್ ಅನ್ನು 2004ರಲ್ಲಿ ಇಬೇ ಕೊಂಡಾಗ, ಇಲ್ಲಿನ ಸಣ್ಣ ಮಾರಾಟಗಾರರ ಮುಂದೆಯೂ ಅದೇ ಖಾನೆ ಬಂದು ನಿಂತಿತು.

ಒಂದು ಫೋಟೊಗೆ ಯಾಕಿಷ್ಟು ಬೆಲೆ? ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲೇ ಇದನ್ನು ಹಳೆಯ ಕಾರುಗಳ ಉದಾಹರಣೆ ಕೊಟ್ಟು ವಿವರಿಸಿದ್ದರು. 2001ರಲ್ಲಿ ನೊಬೆಲ್ ಹಂಚಿಕೊಂಡರು. ವಸ್ತುವಿನ ಅಸಲಿ ಸ್ಥಿತಿ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲರನ್ನೂ ಅನುಮಾನಿಸಿ ಕಡಿಮೆ ಬೆಲೆ ಕೂಗುತ್ತಾನೆ. ಒಳ್ಳೆಯ ಮಾಲು ಇರುವವನು ಆ ಬೆಲೆಗೆ ಒಲ್ಲದೆ ಎದ್ದು ಹೋಗುತ್ತಾನೆ. ಸಂತೆಯಲ್ಲಾದರೆ ಮುಟ್ಟಿ, ತಟ್ಟಿ ನೋಡಬಹುದು. ಆನ್‌ಲೈನ್‌ನಲ್ಲಿ ಆ ಮುಟ್ಟುವಿಕೆಯ ಜಾಗದಲ್ಲಿ ಫೋಟೊ ಇದೆ. ಅಂದ್ರೆ ಅದು ಅಲಂಕಾರವಲ್ಲ, ಸಾಕ್ಷಿ. ಸಾಕ್ಷಿ ಒದಗಿಸುವ ಖರ್ಚು ಮಾತ್ರ ಮಾರುವವನ ತಲೆಯ ಮೇಲೆ.

ಇದನ್ನು ನಾನು ಪಾಠ ಓದಿ ಕಲಿತಿಲ್ಲ, ತಪ್ಪು ಮಾಡಿ ಕಲಿತೆ. ನಾಣ್ಯಗಳು ಹೋದ ಹುರುಪಿನಲ್ಲಿ ನನ್ನ ಹಳೆಯ ಕ್ಯಾಲ್ಕುಲೇಟರನ್ನೂ ಹರಾಜಿಗಿಟ್ಟೆ. ಮತ್ತೆ ಜೆರಾಕ್ಸ್ ಅಂಗಡಿಗೆ ಹೋಗಲು ಸೋಮಾರಿತನ. ಇಂಟರ್ನೆಟ್‌ನಲ್ಲಿ ಅದೇ ಮಾಡೆಲ್‌ನ ಫಳಫಳ ಹೊಳೆಯುವ ಚಿತ್ರ ಸಿಕ್ಕಿತು, ಹಾಕಿಬಿಟ್ಟೆ. ನನ್ನದರ ಮೂಲೆಯಲ್ಲಿ ಬಿರುಕಿತ್ತು, ಅದನ್ನು ಬರೆಯಲೂ ಇಲ್ಲ. ಕೊಂಡವರು ನನ್ನಂಥದೇ ವಿದ್ಯಾರ್ಥಿ. ಪಾರ್ಸೆಲ್ ತೆರೆದ ದಿನವೇ ಬರೆದರು: "ಫೋಟೊದಲ್ಲಿದ್ದದ್ದು ಬೇರೆ, ಬಂದದ್ದು ಬೇರೆ." ದುಡ್ಡು ವಾಪಸ್ ಕೊಟ್ಟೆ. ಆದರೆ ನನ್ನ ಖಾತೆಯಲ್ಲಿ ಆ ಸಾಲು ಹಾಗೇ ಉಳಿಯಿತು, ಉಳಿಯಬೇಕಾದದ್ದೇ. ಬೇರೆಯವರು ತೆಗೆದ ಫೋಟೊ ಎತ್ತಿಕೊಳ್ಳುವುದು ಅವರ ಹಕ್ಕುಸ್ವಾಮ್ಯದ ಪ್ರಶ್ನೆ ಅನ್ನೋದು ಒಂದು. ಅದಕ್ಕಿಂತ ದೊಡ್ಡದು, ಅದು ಸುಳ್ಳು ಸಾಕ್ಷಿ.

ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆಯಲ್ಲ, ಈ ಹಳೇ ಪುರಾಣ ಯಾಕೆ ಅಂತೀರಾ? ಆ ಖಾನೆ ಈಗ ಹರಾಜಿನ ತಾಣದಿಂದ ಹೊರಗೆ ಬಂದಿದೆ, ಅದಕ್ಕೆ. 2023ರ ಜನವರಿ 1ರಿಂದ, ವೈಯಕ್ತಿಕ ಕಾಮಗಾರಿ ಬಿಟ್ಟು ಉಳಿದ ನರೇಗಾ ಸ್ಥಳಗಳಲ್ಲೆಲ್ಲ ಕೂಲಿಕಾರರ ಫೋಟೊವನ್ನು ದಿನಕ್ಕೆರಡು ಸಲ ಆ್ಯಪ್‌ಗೆ ಏರಿಸುವುದನ್ನು ಕಡ್ಡಾಯ ಮಾಡಲಾಯಿತು. ಮೇಟಿಯ ಫೋನ್ ಕೆಟ್ಟರೆ, ನೆಟ್‌ವರ್ಕ್ ಸಿಗದಿದ್ದರೆ, ಅಗೆದ ಗುಂಡಿ ಕಣ್ಣೆದುರೇ ಇದ್ದರೂ ಹಾಜರಿಗೆ ಸಾಕ್ಷಿ ಇಲ್ಲ. ನನಗೆ ಚಿತ್ರ ಇಲ್ಲದಿದ್ದರೆ ಏಳು ನಾಣ್ಯ ಉಳಿಯುತ್ತಿದ್ದವು. ಅವರಿಗೆ ದಿನದ ಕೂಲಿಯೇ ಉಳಿಯುವುದಿಲ್ಲ.

ಫೋಟೊ ಕೇಳೋದು ತಪ್ಪಲ್ಲ. ಕೊಳ್ಳುವವರಿಗೆ ಸಾಕ್ಷಿ ಬೇಕು, ಲೆಕ್ಕಕ್ಕೂ ಬೇಕು. ಆದರೆ ಕೇಳುವವರು ಅದನ್ನು ಒದಗಿಸುವ ದಾರಿಯನ್ನೂ ತೋರಿಸಬೇಕು: ಗ್ರಂಥಾಲಯದಲ್ಲೋ ಪಂಚಾಯಿತಿಯಲ್ಲೋ ಯಾರು ಬೇಕಾದರೂ ಬಳಸಬಹುದಾದ ಒಂದು ಸ್ಕ್ಯಾನರ್, ಒಂದು ಕ್ಯಾಮೆರಾ, ಅದು ಕೆಟ್ಟ ದಿನ ಕಾಗದದಲ್ಲಿ ಬರೆದುಕೊಳ್ಳುವ ಒಂದು ಪುಸ್ತಕ. ನಿಮ್ಮಲ್ಲಿ ಕೆಲವರು ನಾಳೆ ಇಂಥ ಆ್ಯಪ್‌ಗಳನ್ನು ಬರೆಯುವವರು. 'ಚಿತ್ರ ಸೇರಿಸಿ' ಅಂತ ಬರೆಯುವ ಮುಂಚೆ, ಓಎಚ್‌ಪಿ ಹಾಳೆ ಹಿಡಿದು ಜೆರಾಕ್ಸ್ ಅಂಗಡಿ ಮುಂದೆ ನಿಂತಿರುವ ಹುಡುಗನನ್ನು ಒಮ್ಮೆ ನೆನೆಸಿಕೊಳ್ಳಿ.