ಕಮಲಾಪುರದ ಹುಡುಗಿಗೆ ತೆರೆಯಬೇಕಾದ ಪುಟ

ಹುಮನಾಬಾದ್ ರಸ್ತೆಯಲ್ಲಿ ಕಲಬುರಗಿಯಿಂದ ಕಮಲಾಪುರಕ್ಕೆ ನಲವತ್ತು ಕಿಲೋಮೀಟರೂ ಇಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ದುಡ್ಡೂ ಬೇಕಿಲ್ಲ. ಕೆಂಪು ಬಾಳೆಗೆ ಹೆಸರಾದ ಈ ಊರಿನ ಹುಡುಗಿ ಪಿಯುಸಿ ಮುಗಿಸಿ ಡಿಗ್ರಿಗೆಂದು ನಗರಕ್ಕೆ ಹೋಗಿಬರುವುದು ಅವಳ ಅಕ್ಕನ ಕಾಲಕ್ಕಿಂತ ಹಗುರಾಗಿದೆ. ಆದರೆ ಫೀಸಿಗೆ, ಪುಸ್ತಕಕ್ಕೆ, ಹಾಸ್ಟೆಲಿಗೆ ಹಣ ಸಿಗುವ ಬಾಗಿಲು ಈಗ ಬಸ್ ನಿಲ್ದಾಣದ ಬಳಿ ಇಲ್ಲ, ಫೋನಿನ ಪರದೆಯ ಮೇಲಿದೆ. ಸರ್ಕಾರಿ ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಇದೆ. ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಹತ್ತನೆಯ ಮತ್ತು ಹನ್ನೆರಡನೆಯ ತರಗತಿ ಪಾಸಾಗಿ ಮುಂದೆ ಓದುವ ಹುಡುಗಿಯರಿಗೆ ವರ್ಷಕ್ಕೆ 30,000 ರೂಪಾಯಿ ಕೊಡುವ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕುವುದು ಅಂತರ್ಜಾಲದಲ್ಲೇ. ಹೆಣ್ಣುಮಕ್ಕಳ ಓದಿಗೆ ನೆರವಾಗುವ ಸಂಸ್ಥೆಯೊಂದು ತನ್ನ ಜಾಲತಾಣವನ್ನು ಹೊಸದಾಗಿ ಕಟ್ಟುವುದೆಂದರೆ ಈ ಬಾಗಿಲನ್ನೇ ಮತ್ತೆ ಕೂರಿಸುವ ಕೆಲಸ. ಅದನ್ನು ದಾನಿಯ ಕಡೆಯಿಂದಲ್ಲ, ಹುಡುಗಿಯ ಕಡೆಯಿಂದ ಕೂರಿಸಬೇಕು ಎಂಬುದು ನನ್ನ ವಾದ.

2011ರ ಜನಗಣತಿಯ ಪ್ರಕಾರ ಕಲಬುರಗಿ ಜಿಲ್ಲೆಯ ಗಂಡಸರ ಸಾಕ್ಷರತೆ ಶೇ. 74 ದಾಟಿತ್ತು, ಹೆಂಗಸರದು ಸುಮಾರು ಶೇ. 55ರಲ್ಲಿತ್ತು. ಆ ಗಣತಿಯಲ್ಲಿ ಓದು ಬಾರದವರೆಂದು ಲೆಕ್ಕಕ್ಕೆ ಬಂದ ಎಷ್ಟೋ ತಾಯಂದಿರ ಮಕ್ಕಳೇ ಇವತ್ತು ಕಾಲೇಜಿನ ಹೊಸ್ತಿಲಲ್ಲಿ ನಿಂತಿದ್ದಾರೆ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಂತೆ, ಆಗ ದೇಶದಲ್ಲಿ ಒಮ್ಮೆಯಾದರೂ ಅಂತರ್ಜಾಲ ಬಳಸಿದ್ದ ಹೆಂಗಸರು ಮೂರರಲ್ಲಿ ಒಬ್ಬರು, ಗಂಡಸರು ಅರ್ಧಕ್ಕಿಂತ ಹೆಚ್ಚು. ಅಂದರೆ ಫೋನು ಹಲವು ಮನೆಗಳಲ್ಲಿ ಅಪ್ಪನದೋ ಅಣ್ಣನದೋ ಆಗಿರುತ್ತದೆ, ಓಟಿಪಿ ಬರುವುದೂ ಅವರ ನಂಬರಿಗೇ. ಅವರು ಹೊಲದಲ್ಲಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ತುಂಬಿದಷ್ಟನ್ನು ಉಳಿಸಿಟ್ಟುಕೊಂಡು ಸಂಜೆ ಮುಂದುವರಿಸುವ ಸೌಲಭ್ಯ ಮುಖಪುಟದ ಅಲಂಕಾರಕ್ಕಿಂತ ದೊಡ್ಡದು. ಯಾವ ಯಾವ ಕಾಗದ ಬೇಕು, ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು ಎಲ್ಲಿರುತ್ತದೆ, ಬ್ಯಾಂಕ್ ಖಾತೆ ಯಾರ ಹೆಸರಿನಲ್ಲಿರಬೇಕು, ಕೊನೆಯ ದಿನಾಂಕ ಯಾವುದು ಎಂಬುದು ಮೊದಲ ಪರದೆಯಲ್ಲೇ ಕಾಣಬೇಕು. ಅರ್ಧ ತುಂಬಿದ ಮೇಲೆ ಒಂದು ಕಾಗದ ಇಲ್ಲವೆಂದು ತಿಳಿದರೆ ಆ ದಿನದ ಕೂಲಿಯೂ ಹೋಯಿತು, ಓಡಾಟವೂ ಹೋಯಿತು.

ಭಾಷೆಯ ಮಾತು ಇದಕ್ಕಿಂತ ಹಳೆಯದು. ಹಿಂದೆ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕನ್ನಡ, ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಒಡೆಯುತ್ತಿತ್ತು. ಅದನ್ನು ತಪ್ಪಿಸಲು ಪ್ರಕಟಣೆಯನ್ನು ಚಿತ್ರವಾಗಿಸಿ ಹಾಕುವ ರೂಢಿ ಬೆಳೆಯಿತು, ಅದು ಇನ್ನೂ ಬಿಟ್ಟಿಲ್ಲ. ಚಿತ್ರದೊಳಗಿನ ಅಕ್ಷರವನ್ನು ಹುಡುಕುಯಂತ್ರ ಸರಿಯಾಗಿ ಹಿಡಿಯುವುದಿಲ್ಲ, ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳುವುದಿಲ್ಲ, ಚಿಕ್ಕ ಪರದೆಯಲ್ಲಿ ಹಿಗ್ಗಿಸಿದರೆ ಮಸುಕಾಗುತ್ತದೆ. ಯೂನಿಕೋಡಿನಲ್ಲಿ ಬರೆದರೆ ಈ ಮೂರೂ ತೊಂದರೆ ಹೋಗುತ್ತವೆ. ಕನ್ನಡವೊಂದೇ ಸಾಕೆಂದೂ ನಾನು ಹೇಳುವುದಿಲ್ಲ. ಕಲಬುರಗಿಯ ಎಷ್ಟೋ ಮನೆಗಳ ಮಾತು ಉರ್ದು, ತಾಂಡಾಗಳಲ್ಲಿ ಲಂಬಾಣಿ. ಲಂಬಾಣಿಗೆ ತನ್ನದೇ ಲಿಪಿಯ ರೂಢಿ ಇಲ್ಲ, ಆದ್ದರಿಂದ ಅರ್ಜಿ ಹಾಕುವ ಬಗೆಯನ್ನು ಒಂದು ನಿಮಿಷದ ದನಿಮುದ್ರಣದಲ್ಲಿ ಹೇಳಿದರೆ ಅಕ್ಷರ ಬಾರದ ತಾಯಿಯೂ ಮಗಳ ಪಕ್ಕ ಕೂತು ಕೇಳಬಹುದು. ಮಗಳನ್ನು ಓದಿಸುವ ತೀರ್ಮಾನದಲ್ಲಿ ತಾಯಿಯ ಮಾತು ಎಷ್ಟು ಮುಖ್ಯವೆಂಬುದನ್ನು ಈ ಭಾಗದಲ್ಲಿ ಹೆಂಗಸರ ಸಂಘಗಳನ್ನು ಕಟ್ಟಿದ ಮಹಿಳಾ ಸಮಖ್ಯಾ ಕಾರ್ಯಕ್ರಮ ದಶಕಗಳ ಹಿಂದೆಯೇ ಕಂಡುಕೊಂಡಿತ್ತು. ಅದು ಮೊದಲು ಹೆಂಗಸರನ್ನು ಕೇಳಿ, ಆಮೇಲೆ ಕೆಲಸ ಹಮ್ಮಿಕೊಳ್ಳುತ್ತಿತ್ತು.

ದಾನಿಗಳಿಲ್ಲದೆ ವಿದ್ಯಾರ್ಥಿವೇತನ ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಇಡಬೇಕು, ಆ ಹಣ ಹುಡುಕುವ ಸಂಸ್ಥೆಗೆ ಒಳ್ಳೆಯ ಮುಖ ಬೇಕೇ ಬೇಕು. ಆದರೆ ಹಣ ಕೊಡುವವರು ಕೊನೆಗೆ ನೋಡುವುದು ಲೆಕ್ಕಪತ್ರ: ಎಷ್ಟು ಅರ್ಜಿ ಬಂತು, ಎಷ್ಟು ಹುಡುಗಿಯರಿಗೆ ಹಣ ಹೋಯಿತು, ಮುಂದಿನ ವರ್ಷ ಎಷ್ಟು ಮಂದಿ ಓದು ಬಿಡದೆ ಉಳಿದರು. ಅರ್ಜಿ ಸುಲಭವಾದರೇ ಈ ಲೆಕ್ಕವೂ ಗಟ್ಟಿಯಾಗುವುದು. ಅವರ ಮನ ಕರಗಿಸಲೆಂದು ಹುಡುಗಿಯ ಮುಖ, ಹೆಸರು, ಊರು ಹಾಕಿ ಅವಳ ಮನೆಯ ಬಡತನವನ್ನು ವರ್ಣಿಸುವ ಪದ್ಧತಿಯನ್ನಂತೂ ಕೈಬಿಡಲೇಬೇಕು. ಆರೈಕೆ ಮತ್ತು ರಕ್ಷಣೆ ಬೇಕಾದ ಮಕ್ಕಳ ಗುರುತನ್ನು ಬಯಲು ಮಾಡುವುದನ್ನು 2015ರ ಬಾಲನ್ಯಾಯ ಕಾಯ್ದೆ ನಿಷೇಧಿಸುತ್ತದೆ. 18 ವರ್ಷದೊಳಗಿನವರ ವೈಯಕ್ತಿಕ ದತ್ತಾಂಶಕ್ಕೆ ಪಾಲಕರ ಒಪ್ಪಿಗೆ ಬೇಕೆಂದು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕಾನೂನು ಹಾಗಿರಲಿ, ಬಾಲ್ಯವಿವಾಹವನ್ನು ನಿಲ್ಲಿಸಿಕೊಂಡು ಓದಲು ಬಂದ ಹುಡುಗಿಯ ಫೋಟೊ ಊರವರ ಫೋನುಗಳಲ್ಲಿ ಓಡಾಡಿದರೆ ಅದರ ಬೆಲೆ ತೆರುವವಳು ಅವಳೇ. ಅಂಥ ಪುಟದಲ್ಲಿ ಇರಬೇಕಾದದ್ದು ಮಕ್ಕಳ ಸಹಾಯವಾಣಿ 1098, ದೊಡ್ಡ ಅಕ್ಷರದಲ್ಲಿ.

ಹಳ್ಳಿ ಹುಡುಗಿಯರು ಜಾಲತಾಣ ನೋಡುವುದೇ ಇಲ್ಲ, ಉಪನ್ಯಾಸಕರೋ ಗ್ರಾಮ ಒನ್ ಕೇಂದ್ರದವರೋ ಝೆರಾಕ್ಸ್ ಅಂಗಡಿಯವರೋ ತುಂಬಿಕೊಡುತ್ತಾರೆ, ವಾಟ್ಸಾಪ್ ಸಾಕು ಎಂಬ ಮಾತೂ ಇದೆ. ಬಹುಪಾಲು ನಿಜ. ಆದರೆ ವಾಟ್ಸಾಪಿನಲ್ಲಿ ಹೋದ ವರ್ಷದ ಸಂದೇಶ ಈ ವರ್ಷವೂ ತಿರುಗುತ್ತದೆ, ಶುಲ್ಕ ಕೇಳುವ ನಕಲಿ ಕೊಂಡಿಗಳೂ ಅದರ ಜೊತೆಗೇ ಬರುತ್ತವೆ. ಯಾವುದು ನಿಜ ಎಂದು ನೋಡಲು ಒಂದು ಸ್ಥಿರವಾದ ಪುಟ ಇರಲೇಬೇಕು. ತುಂಬಿಕೊಡುವವರಿಗೂ ಅದೇ ಆಧಾರ: ಅವರು ಮುದ್ರಿಸಿ ಕಾಲೇಜಿನ ಸೂಚನಾ ಫಲಕಕ್ಕೆ ಅಂಟಿಸಬಹುದಾದ ಒಂದೇ ಹಾಳೆ, ಅರ್ಜಿಗೆ ದುಡ್ಡಿಲ್ಲ ಎಂಬ ಸ್ಪಷ್ಟ ಸಾಲಿನೊಂದಿಗೆ.

ಇದಕ್ಕೆ ದೊಡ್ಡ ಖರ್ಚಿಲ್ಲ. ಬಳಕೆಯ ಪರೀಕ್ಷೆಗೆ ಐದು ಜನ ಸಿಕ್ಕರೂ ಬಹುಪಾಲು ತೊಡಕುಗಳು ಹೊರಬೀಳುತ್ತವೆ ಎಂದು ಜಾಲತಾಣ ಬಳಕೆಯ ತಜ್ಞ ಯಾಕೊಬ್ ನೀಲ್ಸನ್ 2000ದಲ್ಲೇ ವಾದಿಸಿದ್ದರು. ಜಾಲತಾಣ ಹೊಸದು ಮಾಡಲು ಹೊರಟಿರುವ ಸಂಸ್ಥೆಗಳು ಅದನ್ನು ಆಡಳಿತ ಮಂಡಳಿಗೆ ತೋರಿಸುವ ಮುನ್ನ ಕಮಲಾಪುರದ ಐದು ಹುಡುಗಿಯರ ಕೈಗೆ ಸಾಧಾರಣ ಫೋನು ಕೊಟ್ಟು, ಪಕ್ಕದಲ್ಲಿ ಸುಮ್ಮನೆ ಕೂತು ನೋಡಲಿ. ಅವರು ತಡೆದು ನಿಂತ ಜಾಗಗಳನ್ನು ಬರೆದುಕೊಂಡು, ಮೊದಲು ಅವನ್ನು ಸರಿಪಡಿಸಲಿ.